ಹಳೇದು ತಂದಿದ್ದೀರಾ?

ನಮ್ಮ ಮನೆಯ ಅಟ್ಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇದೆ. ಎಳೆಯ ಕೂಸನ್ನು ಮಲಗಿಸಬಹುದಾದಷ್ಟು ದೊಡ್ಡದು. ಅದರೊಳಗೆ ಬಂದದ್ದು ಮಾತ್ರ ಗೇಣುದ್ದವೂ ಇಲ್ಲದ ಒಂದು ಕಬ್ಬಿಣದ ತುಂಡು. ಮಿಕ್ಕ ಜಾಗಕ್ಕೆಲ್ಲ ಗಾಳಿ ತುಂಬಿದ ಪ್ಲಾಸ್ಟಿಕ್ ದಿಂಬುಗಳನ್ನು ಒತ್ತಿದ್ದರು. ಕಬ್ಬಿಣಕ್ಕೆ ದಾರಿಯಲ್ಲಿ ನೋವಾಗಬಾರದು ಎಂಬ ಕಾಳಜಿ ಇರಬೇಕು. ಪೆಟ್ಟಿಗೆಯನ್ನು ಎಸೆಯಲು ಹೋದಾಗ ನನ್ನ ಹೆಂಡತಿ ಸರೋಜ, "ಇರಲಿ ಬಿಡಿ, ಸಂಡಿಗೆ ಹಾಕಿಡೋಕೆ ಆಗುತ್ತೆ" ಎಂದು ಕಿತ್ತುಕೊಂಡಳು. ಈಗ ಅದರಲ್ಲಿ ಸಂಡಿಗೆ ಇದೆ. ಊಟಕ್ಕೆ ಸಂಡಿಗೆ ಕರಿದ ದಿನವೆಲ್ಲ ನನಗೆ ನನ್ನ ದಡ್ಡತನ ನೆನಪಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಆನ್‌ಲೈನ್ ವ್ಯಾಪಾರದ ಮೇಲೆ ನನಗೆ ಹಗೆ ಏನೂ ಇಲ್ಲ. ನಿಮ್ಮ ಹಾಗೆ ನಾನೂ ಬೆಲ್ಲು, ಪಂಪು, ಸೀಟಿನ ಕವರು ಎಲ್ಲವನ್ನೂ ಮನೆ ಬಾಗಿಲಿಗೆ ತರಿಸಿಕೊಂಡವನೇ. ಬಂಗಾರಪೇಟೆಯಲ್ಲಿ ಕೂತು ಬೆರಳಾಡಿಸಿದರೆ ಯಾವುದೋ ಗೋದಾಮಿನಿಂದ ಬೆಲ್ಲು ಹೊರಟು ಮೂರನೇ ದಿನಕ್ಕೆ ನಮ್ಮ ರೈಲ್ವೆ ಗೇಟು ದಾಟಿ ಬರುತ್ತದೆ. ಬೆಲ್ಲು ಚೆನ್ನಾಗಿಯೇ ಹೊಡೆಯುತ್ತದೆ. ತಕರಾರು ಬೆಲ್ಲಿನದಲ್ಲ, ಆ್ಯಕ್ಸೆಲ್ಲಿನದು.

ಸೈಕಲ್ಲಿನ ಎರಡು ಪೆಡಲುಗಳ ನಡುವೆ, ಚೌಕಟ್ಟಿನ ಹೊಟ್ಟೆಯೊಳಗೆ ಅಡ್ಡಲಾಗಿ ಒಂದು ಸರಳು ಕೂತಿರುತ್ತದೆ. ಎರಡು ಕಡೆ ಬಟ್ಟಲು, ಬಟ್ಟಲಲ್ಲಿ ಬೇರಿಂಗ್ ಗುಂಡು, ಗುಂಡುಗಳ ನಡುವೆ ಈ ಸರಳು, ಅದೇ ಆ್ಯಕ್ಸೆಲ್. ನಾವು ತುಳಿದದ್ದೆಲ್ಲ ಮೊದಲು ತಾಗುವುದು ಇದಕ್ಕೆ. ಹೊರಗೆ ಕಾಣುವುದಿಲ್ಲವಾದ್ದರಿಂದ ಇದನ್ನು ಯಾರೂ ಮಾತಾಡಿಸುವುದಿಲ್ಲ. ಆಯುಧಪೂಜೆಯಲ್ಲಿ ನಮ್ಮಪ್ಪ ಹ್ಯಾಂಡಲ್ಲಿಗೆ ವಿಭೂತಿ ಬಳಿದು, ಮಡ್‌ಗಾರ್ಡಿಗೆ ಚೆಂಡುಹೂ ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ. ಹೊಟ್ಟೆಯೊಳಗಿನ ಸರಳಿಗೆ ಒಂದು ಬೊಟ್ಟು ಕುಂಕುಮವೂ ಸಿಕ್ಕಿದ್ದು ನಾನು ಕಾಣೆ. ಆ ಸೈಕಲ್ಲಿನಲ್ಲೇ ನಾನು ಕಲಿತದ್ದು. ಬಾರಿನ ಮೇಲೆ ಕಾಲು ಎಟುಕದೆ, ಚೌಕಟ್ಟಿನೊಳಗೆ ಬಲಗಾಲು ತೂರಿಸಿ, ಏಡಿಯ ಹಾಗೆ ಸೊಟ್ಟಗೆ ನೇತಾಡಿಕೊಂಡು ಬೂದಿಕೋಟೆ ರಸ್ತೆಯಲ್ಲಿ ಅರ್ಧ ಪೆಡಲು ಹೊಡೆಯುತ್ತಿದ್ದೆ. ಅರ್ಧ ಕೆಳಗೆ, ಅರ್ಧ ಮೇಲೆ. ಪೂರ್ತಿ ಒಂದು ಸುತ್ತು ತಿರುಗಿಸಲು ನನಗೆ ಎರಡು ವರ್ಷ ಹಿಡಿಯಿತು. ಮನೆಯಲ್ಲಿ ಇದನ್ನು ಹೇಳಿದರೆ ಎಲ್ಲದರಲ್ಲೂ ನೀವು ಹಾಗೆಯೇ ಎನ್ನುತ್ತಾರೆ.

ಮುಂದೆ ನಾನು ಡ್ರಾಯಿಂಗ್ ಮೇಷ್ಟ್ರಾದೆ. ಉರಿಗಾಂನ ಒಂದು ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಮಡಕೆ, ಮಾವಿನಕಾಯಿ, ಹೂದಾನಿ ಬರೆಸಿದೆ. ಬಂಗಾರಪೇಟೆಯಿಂದ ರೈಲಿನಲ್ಲಿ ಹೋಗಿ ಉರಿಗಾಂನಲ್ಲಿ ಇಳಿದರೆ, ಸ್ಟೇಷನ್ನಿನಿಂದ ಶಾಲೆಗೆ ಒಂದು ಸೈಕಲ್ಲು ಬೇಕಿತ್ತು. ಅದನ್ನು ಏಳುಮಲೈ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡಿಗೆ ಕೊಂಡೆ. ಚಿನ್ನದ ಗಣಿ ಕೆಲಸದವರ ಸಾಲುಮನೆಗಳ ಕೊನೆಯಲ್ಲಿ ತಗಡು ಹೊದಿಸಿದ ಅಂಗಡಿ. ಒಳಗೆ ಒಬ್ಬ ಮನುಷ್ಯ ಕೂರಬಹುದು, ಹೊರಗೆ ಒಂದು ಸ್ಟೂಲಿನ ಮೇಲೆ ಇನ್ನೊಬ್ಬ. ಮಿಕ್ಕದ್ದೆಲ್ಲ ನೇತಾಡುವ ಸಾಮಾನು.

ಏಳುಮಲೈಗೆ ಒಂದು ಕಟ್ಟಳೆ ಇತ್ತು. ಏನೇ ಕೇಳಿ, ಮೊದಲು ಅವನ ಬಾಯಿಂದ ಬರುವುದು ಇದೇ ಮಾತು: "ಅಳೇದು ಎಲ್ಲಿ ಸಾರ್?" ಹಳೆಯ ಭಾಗವನ್ನು ಕೈಗೆ ಕೊಡದೆ ಹೊಸದನ್ನು ಮೊಳೆಯಿಂದ ಇಳಿಸುತ್ತಿರಲಿಲ್ಲ. ಬ್ರೇಕಿನ ರಬ್ಬರಿನಿಂದ ಹಿಡಿದು ವಾಲ್ವ್ ಟ್ಯೂಬಿನವರೆಗೂ ಅದೇ. ಯಾರಾದರೂ ಜಗಳಕ್ಕೆ ನಿಂತರೆ ತಮಿಳಿಗೆ ತಿರುಗುತ್ತಿದ್ದ: "ಪಳಸು ಪಾಕ್ಕಾಮೆ ಪುದುಸು ಇಲ್ಲೆ." ಹಳೇದನ್ನು ನೋಡದೆ ಹೊಸದಿಲ್ಲ. ಹಳೇದನ್ನು ತಿರುಗಿಸಿ ನೋಡಿ, ಅರ್ಧಕ್ಕೆ ಅರ್ಧ ಸಲ, "ಇದಕ್ಕೇನಾಗಿದೆ? ಎಣ್ಣೆ ಬಿಡಿ" ಎಂದು ಅದನ್ನೇ ವಾಪಸು ಕೊಡುತ್ತಿದ್ದ. ಇಂಥವನು ವ್ಯಾಪಾರದಲ್ಲಿ ಹೇಗೆ ಉಳಿದ ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಮ್ಮೆ ಬಿದ್ದೆ. ಮಕ್ಕಳಿಗೆ ಬರೆಸಲೆಂದು ಮಡಕೆಯೊಂದನ್ನು ತೋಳಿನಲ್ಲಿ ಅವಚಿಕೊಂಡು ಒಂದೇ ಕೈಯಲ್ಲಿ ಸೈಕಲ್ಲು ಹೊಡೆಯುತ್ತಿದ್ದೆ. ಮೋರಿಯ ಕಲ್ಲಿಗೆ ಚಕ್ರ ಬಡಿಯಿತು. ಮಡಕೆ ಉಳಿಯಿತು, ಸೈಕಲ್ಲಿನ ಹೊಟ್ಟೆ ಬಿರಿಯಿತು. ಏಳುಮಲೈ ನೋಡಿದವನೇ, "ವೆಲ್ಡಿಂಗ್ ಮಾಡಿದ್ರೆ ಅಗಲ ಆಗ್ತದೆ ಸಾರ್, ಆಮೇಲೆ ಬಜಾರಿನ ಆ್ಯಕ್ಸೆಲ್ ಕೂರಲ್ಲ. ಅಣ್ಣನ್ನ ಕೇಳ್ತೀನಿ" ಎಂದ. ಅವನ ಅಣ್ಣ ಮಾಣಿಕ್ಯಂ ಗಣಿಯ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕಬ್ಬಿಣ ಕಡೆಯುವ ಟರ್ನರ್. ಸಂಜೆ ಬಂದ. ಮಾತಿಲ್ಲ, ಕತೆಯಿಲ್ಲ, ಬಾಯಿ ತುಂಬ ಎಲೆ ಅಡಿಕೆ. ಒಂದು ದಾರ ತೆಗೆದು ವೆಲ್ಡಿಂಗ್ ಆಗಿದ್ದ ಹೊಟ್ಟೆಗೆ ಅಡ್ಡ ಹಿಡಿದು, ಹೆಬ್ಬೆರಳಿನ ಉಗುರಲ್ಲಿ ಗುರುತು ಮಾಡಿಕೊಂಡು, ದಾರವನ್ನು ಜೇಬಿಗೆ ಹಾಕಿಕೊಂಡು ಹೋದ. ಸ್ಕೇಲಿಲ್ಲದೆ ಅಳತೆ ಎಂಥದ್ದು ಎಂದು ಡ್ರಾಯಿಂಗ್ ಮೇಷ್ಟ್ರಾದ ನಾನು ಮನಸ್ಸಿನಲ್ಲೇ ನಕ್ಕೆ.

ಎರಡು ದಿನಕ್ಕೆ ಆ್ಯಕ್ಸೆಲ್ ಬಂತು. ಬಂಡೆಗೆ ತೂತು ಹೊಡೆಯುವ ರಾಡಿನ ಉಕ್ಕಿನಲ್ಲಿ ಕಡೆದದ್ದು. ಗಣಿಯ ಗೇಟಿನಲ್ಲಿ ಹೊರಬರುವವರನ್ನು ತಡವಿ ನೋಡಿ ಬಿಡುತ್ತಿದ್ದ ಕಾಲ ಅದು. ಮಾಣಿಕ್ಯಂ ಅದನ್ನು ಬುತ್ತಿ ಡಬ್ಬಿಯಲ್ಲಿ ಮಿಕ್ಕ ಅನ್ನದೊಳಗೆ ಹುದುಗಿಸಿ ತಂದಿದ್ದನಂತೆ. ಕಾವಲಿನವನು ಮುಚ್ಚಳ ತೆಗೆದು ನೋಡಿಯೂ ಬಿಟ್ಟನಂತೆ. ಅವನು ಹುಡುಕುತ್ತಿದ್ದದ್ದು ಚಿನ್ನ, ಕಬ್ಬಿಣ ಯಾರಿಗೆ ಬೇಕು? ಆ್ಯಕ್ಸೆಲ್ಲಿಗೆ ಅಂಟಿದ್ದ ಎರಡು ಅನ್ನದ ಅಗುಳನ್ನು ಏಳುಮಲೈ ನನ್ನೆದುರೇ ಒರೆಸಿ, ಬಟ್ಟಲುಗಳ ನಡುವೆ ಕೂರಿಸಿದ. ಕೂತಿತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಅಂದಿನಿಂದ ಪ್ರತಿ ವರ್ಷ ಆಯುಧಪೂಜೆಗೆ ಮೊದಲು ಏಳುಮಲೈ ನನ್ನನ್ನು ಬಿಡುತ್ತಿರಲಿಲ್ಲ. "ಸಾರ್, ಬಿಚ್ಚಬೇಕು, ಬಿಡಿ ಗಾಡಿ" ಎನ್ನುತ್ತಿದ್ದ. ಗಣಿ ಮುಚ್ಚಿತು, ಅದರ ವರ್ಕ್‌ಶಾಪಿಗೆ ಬೀಗ ಬಿತ್ತು, ಮಾಣಿಕ್ಯಂ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಯಾವುದೋ ಅಪಾರ್ಟ್‌ಮೆಂಟಿನ ಗೇಟು ಕಾದ. ಹನ್ನೆರಡು ವರ್ಷದ ಹಿಂದೆ ಅವನು ತೀರಿಕೊಂಡ. ಏಳುಮಲೈಯ ಬಿಚ್ಚುವಿಕೆ ಮಾತ್ರ ನಿಲ್ಲಲಿಲ್ಲ. ಆ್ಯಕ್ಸೆಲ್ಲನ್ನು ಹೊರಗೆಳೆದು, ಸೀಮೆಎಣ್ಣೆಯಲ್ಲಿ ತೊಳೆದು, ಒಂದು ಗಾಜಿನ ತುಂಡಿನ ಮೇಲೆ ಇಟ್ಟು ಬೆರಳಲ್ಲಿ ಉರುಳಿಸುತ್ತಿದ್ದ. ಸೊಟ್ಟ ಇದ್ದರೆ ಕುಣಿಯುತ್ತದೆ, ನೇರ ಇದ್ದರೆ ಸದ್ದಿಲ್ಲದೆ ಉರುಳುತ್ತದೆ. ಅದು ಒಂದು ವರ್ಷವೂ ಕುಣಿಯಲಿಲ್ಲ. ಆಮೇಲೆ ಗ್ರೀಸು ಮೆತ್ತಿ ಅದನ್ನೇ ವಾಪಸು ಕೂರಿಸುತ್ತಿದ್ದ. ಏನನ್ನೂ ಬದಲಾಯಿಸದೆ ಬಿಚ್ಚಿ ಜೋಡಿಸಿದ್ದಕ್ಕೆ ಕೂಲಿ ಕೊಟ್ಟು ನಾನು ಗೊಣಗಿಕೊಂಡು ಬರುತ್ತಿದ್ದೆ. ಹಬ್ಬದ ಕಾಸಿಗೆ ಇವನು ಮಾಡಿಕೊಂಡ ಉಪಾಯ ಎಂದೇ ನನ್ನ ಲೆಕ್ಕ.

ನಿವೃತ್ತನಾದ ಮೇಲೆ ಸೈಕಲ್ಲು ಬಂಗಾರಪೇಟೆಗೆ ಬಂತು. ಉರಿಗಾಂಗೆ ಹೋಗುವ ಕಾರಣ ಇರಲಿಲ್ಲ. ಮೂರು ಆಯುಧಪೂಜೆ ಬಂದು ಹೋದವು, ನಾನು ಸೈಕಲ್ಲನ್ನು ಬಿಚ್ಚಿಸಲಿಲ್ಲ. ಮನಸ್ಸಿಗೆ ಹಾಯೆನಿಸಿತ್ತು ಕೂಡ. ಈ ವರ್ಷ ಪೆಡಲು ತುಳಿದಾಗ 'ಕಟಕ್' ಎಂದು ಸದ್ದು ಬರತೊಡಗಿತು. ಮಾರ್ಕೆಟ್ಟಿಗೆ ಹೊರಟರೆ ನಾಲ್ಕು ಮನೆಯವರಿಗೆ ನಾನು ಹೊರಟದ್ದು ಗೊತ್ತಾಗುತ್ತಿತ್ತು.

ಮಗಳು ನನ್ನ ಫೋನಿಗೆ ಹಾಕಿಕೊಟ್ಟಿದ್ದ ಆ್ಯಪಿನಲ್ಲಿ ನೋಡಿದೆ. ಆ್ಯಕ್ಸೆಲ್‌ಗಳ ಸಾಲೇ ಇತ್ತು, ಫಳಫಳ ಎನ್ನುತ್ತಿದ್ದವು. ಒಬ್ಬ ಯುವಕ ವಿಡಿಯೋದಲ್ಲಿ ಎಲ್ಲವನ್ನೂ ನಗುನಗುತ್ತಾ ಬಿಚ್ಚುತ್ತಿದ್ದ. ನಾನೂ ಅಂಗಳದಲ್ಲಿ ಗೋಣಿಚೀಲ ಹಾಸಿ ಕೂತೆ. ಪೆಡಲಿನ ತೋಳಿನ ಪಿನ್ನು ಅವನದು ಒಂದೇ ಏಟಿಗೆ ಬಂತು, ನನ್ನದು ಅರ್ಧ ದಿನಕ್ಕೆ. ಹಳೆಯ ಆ್ಯಕ್ಸೆಲ್ಲನ್ನು ಕಿಟಕಿಯ ಮೇಲಿಟ್ಟೆ. ಸ್ಕೇಲು ಹಿಡಿದು ಅಳೆದು ಆರ್ಡರ್ ಹಾಕಿದೆ.

ಮೊದಲು ಬಂದದ್ದು ಗಿಡ್ಡ. ವಾಪಸು ಕಳಿಸಿದೆ. ಎರಡನೆಯದು ಉದ್ದ, ಅದನ್ನೂ ಕಳಿಸಿದೆ. ಪೆಟ್ಟಿಗೆ ಒಯ್ಯಲು ಬಂದವನಿಗೆ ನಮ್ಮ ಮನೆಯ ನಾಯಿ ಬಾಲ ಅಲ್ಲಾಡಿಸುವಷ್ಟು ಪರಿಚಯವಾಯಿತು. ಮೂರನೆಯದು, ನಾನು ಹೇಳಿದ ಆ ದೊಡ್ಡ ಪೆಟ್ಟಿಗೆಯಲ್ಲಿ ಬಂದದ್ದು, ಒಂದು ಕಡೆ ಬಿಗಿಯಾಗಿ ಇನ್ನೊಂದು ಕಡೆ ಲೊಟಲೊಟ ಎಂದಿತು. ಅದನ್ನು ವಾಪಸು ತೆಗೆದುಕೊಳ್ಳುವುದಿಲ್ಲವಂತೆ. ಅಷ್ಟರಲ್ಲಿ ಕಿಟಕಿಯ ಮೇಲಿದ್ದ ಹಳೇದು ಕಾಣಲಿಲ್ಲ. ಹಿಂದಿನ ವಾರ ಗುಜರಿಯವನು ಬಂದು ಹಳೇ ಪೇಪರ್ ತೂಗಿಕೊಂಡು ಹೋಗಿದ್ದ. ಅದರ ಜೊತೆ ಹೋಗಿರಬೇಕು, ಪೀಡೆ ತೊಲಗಿತು ಎಂದುಕೊಂಡೆ.

ಕೊನೆಗೆ ಪೆಡಲಿಲ್ಲದ ಸೈಕಲ್ಲನ್ನು ಲಗೇಜ್ ಆಟೋಗೆ ಏರಿಸಿ ಉರಿಗಾಂಗೆ ಹೊರಟೆ. ಮೂರು ವರ್ಷ ಮುಖ ತೋರಿಸದವನು, ಜೇಬಿನಲ್ಲಿ ಆನ್‌ಲೈನಿನ ಮಾಲು ಇಟ್ಟುಕೊಂಡು ಹೋಗುವುದೆಂದರೆ, ಬೀಗರ ಮನೆಯಲ್ಲಿ ಉಂಡು ಸ್ವಂತ ಮನೆಗೆ ನೀರು ಕುಡಿಯಲು ಬಂದ ಹಾಗೆ. ಏಳುಮಲೈ ಸ್ವಲ್ಪ ಮುದಿಯಾಗಿದ್ದ. ಅಂಗಡಿ ಹಾಗೆಯೇ ಇತ್ತು. ಅವನು ನನ್ನನ್ನು ಏನೂ ಕೇಳಲಿಲ್ಲ, ಆಟೋದಿಂದ ಸೈಕಲ್ಲನ್ನು ತಾನೇ ಇಳಿಸಿಕೊಂಡ. ಆನ್‌ಲೈನಿನ ಆ್ಯಕ್ಸೆಲ್ಲನ್ನು ನಾನು ಕೊಟ್ಟಾಗ ಅದನ್ನು ಅಂಗೈಯಲ್ಲಿ ತೂಗಿ ನೋಡಿದ.

"ಚೆನ್ನಾಗೇ ಇದೆ ಸಾರ್. ಇದಕ್ಕೆ ಕೂರಲ್ಲ, ಅಷ್ಟೆ. ಅಳೇದು ಎಲ್ಲಿ?"

"ಗುಜರಿಗೆ ಹೋಯ್ತು" ಎಂದೆ. ಸಲೀಸಾಗಿಯೇ ಎಂದೆ.

ಅವನು ಒಳಗೆ ಹೋಗಿ ಕೂತ. ಸ್ವಲ್ಪ ಹೊತ್ತು ಸ್ಪ್ಯಾನರುಗಳನ್ನು ಅತ್ತಿಂದಿತ್ತ ಜೋಡಿಸಿದ.

"ಅದು ಎಂಗ ಅಣ್ಣನ್ ಕಡದಿದ್ದು ಸಾರ್."

"ಗೊತ್ತು ಏಳುಮಲೈ. ಆದರೆ ಸದ್ದು ಬರ್ತಿತ್ತಲ್ಲ."

"ಸದ್ದು ಗುಂಡಿಂದು ಸಾರ್. ಮೂರ್ ವರ್ಷ ಗ್ರೀಸ್ ಕಂಡಿಲ್ಲ, ಗುಂಡು ಸವೆದದೆ. ಆ್ಯಕ್ಸೆಲ್‌ಗೆ ಏನ್ ಆಗ್ತದೆ?" ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. "ಅಣ್ಣ ಮೂವತ್ತು ವರ್ಷ ಕಡದ ಸಾರ್. ಗಣಿಗೆ ಕಡದಿದ್ದೆಲ್ಲ ಕೆಳಗದೆ, ತಣ್ಣೀರಲ್ಲಿ ಮುಳುಗೋಯ್ತು. ಮೇಲೆ ಸುತ್ತುತಾ ಇದ್ದಿದ್ದು ಒಂದೇ. ನಿಮ್ ಗಾಡೀಲಿ."

ಮುಚ್ಚಿದ ಗಣಿಯಲ್ಲಿ ನೀರು ತುಂಬಿದೆ ಎಂಬುದು ಉರಿಗಾಂನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ನಾನೂ ನೂರು ಸಲ ಕೇಳಿದ್ದೆ. ಅದರೊಳಗೆ ಒಬ್ಬ ಮನುಷ್ಯನ ಮೂವತ್ತು ವರ್ಷದ ಕೈಕೆಲಸ ಇದೆ ಎಂದು ಯೋಚಿಸಿರಲಿಲ್ಲ. ಇಷ್ಟು ವರ್ಷ ಅವನು ಕೂಲಿಗೆಂದು ಬಿಚ್ಚುತ್ತಿದ್ದ ಎಂದುಕೊಂಡಿದ್ದೆನಲ್ಲ, ಅವನು ಅಣ್ಣನನ್ನು ನೋಡಲು ಬಿಚ್ಚುತ್ತಿದ್ದ. ನನಗೆ ನಾಚಿಕೆಯಾಯಿತು. ಅದನ್ನು ಬೇರೆ ಮಾತಿನಲ್ಲಿ ಹೇಳಲು ಬರುವುದಿಲ್ಲ.

"ವಾಷರ್ ಆಕಿ ಇದನ್ನೇ ಕೂರಿಸ್ತೀನಿ ಬಿಡಿ. ಓಡ್ತದೆ" ಎಂದು ಅವನು ಹೊಸದನ್ನು ಎತ್ತಿಕೊಂಡ. ನಾನು ಬೇಡವೆಂದೆ. ಎರಡು ದಿನ ತಡಿ ಎಂದು ಹೇಳಿ, ಹೊಸದನ್ನು ಜೇಬಿಗೆ ಹಾಕಿಕೊಂಡು, ಸೈಕಲ್ಲನ್ನು ಅಲ್ಲೇ ಬಿಟ್ಟು ರೈಲು ಹತ್ತಿದೆ. ಎರಡು ದಿನದಲ್ಲಿ ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಬಂಗಾರಪೇಟೆಯ ಗುಜರಿ ಅಂಗಡಿಯ ಕಬ್ಬಿಣದ ಗುಡ್ಡದ ಮುಂದೆ ಡ್ರಾಯಿಂಗ್ ಮೇಷ್ಟ್ರು ಕುಕ್ಕರಗಾಲಲ್ಲಿ ಕೂತಿರುವ ಚಿತ್ರ ಮಾತ್ರ ಕಣ್ಣಿಗೆ ಕಟ್ಟಿತ್ತು.

ಆ ಪ್ರಸಂಗ ಬರಲಿಲ್ಲ. ಗುಜರಿಯವನು ಯಾವ ಕಡೆಯವನು ಎಂದು ನಾನು ವಿಚಾರಿಸುತ್ತಿದ್ದಾಗ ಸರೋಜ ಒಳಗಿನಿಂದಲೇ, "ಕಿಟಕಿ ಮೇಲಿದ್ದ ಕಬ್ಬಿಣಾನಾ? ಅದನ್ನ ಅಮ್ಮ ತಗೊಂಡು ಹೋದ್ಲಲ್ಲ" ಎಂದಳು. ನನ್ನ ಅತ್ತೆ ಬೂದಿಕೋಟೆಯವರು. ಮಗ ಹಸು ಕಟ್ಟಿದ್ದಾನೆ, ಇವರು ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕಿ ಬರುತ್ತಾರೆ. ಹಿಂದಿನ ತಿಂಗಳು ನಾಲ್ಕು ದಿನ ಇರಲು ಬಂದಿದ್ದವರು ಹೋಗುವಾಗ ನನ್ನ ಕಿಟಕಿಯನ್ನು ಬರಿದು ಮಾಡಿಕೊಂಡು ಹೋಗಿದ್ದರು.

ಮರುದಿನ ಬೂದಿಕೋಟೆ ಬಸ್ಸು ಹತ್ತಿದೆ. ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದರು. ಬಾಯಲ್ಲಿ ಹಲ್ಲಿಲ್ಲದ ಅವರಿಗೆ ಪುಟ್ಟ ಒರಳೊಂದಿದೆ. ಅದರೊಳಗೆ ಟಣ್ ಟಣ್ ಎಂದು ಏಳುತ್ತಾ ಬೀಳುತ್ತಾ ಇದ್ದದ್ದು ಮಾಣಿಕ್ಯಂ ಕಡೆದ ಆ್ಯಕ್ಸೆಲ್. ಒಂದು ತುದಿ ಕೆಂಪಗೆ ಕರೆಗಟ್ಟಿತ್ತು.

"ಏನಳಿಯಂದ್ರೆ, ಏಳ್ದೆ ಕೇಳ್ದೆ ಬಂದ್ಬುಟ್ರಿ?"

ಬಂದ ಕಾರಣ ಹೇಳಿದೆ. ಅವರು ಆ್ಯಕ್ಸೆಲ್ಲನ್ನು ಸೆರಗಿನ ಕೆಳಗೆ ಸರಿಸಿಕೊಂಡರು.

"ಕಬ್ಬಿಣ ಕೇಳಾಕೆ ಬಸ್ಸತ್ತಿ ಬಂದ್ರಾ? ನಾ ಕೊಡಲ್ಲ ಓಗಿ. ಬಾಯಾಗಿನ ಅಲ್ಲು ಉದುರಿದ ಮೇಲೆ ಎಷ್ಟು ಕುಟ್ಟಾಣಿ ಮಡಗಿದ್ದೀನಿ, ಒಂದೂ ಕೈಗೆ ಕೂತಿಲ್ಲ. ಇದು ಎತ್ತಿ ಬುಟ್ರೆ ಸಾಕು, ಅದರ ಪಾಡಿಗದು ಕುಟ್ತದೆ."

ನಾನು ಆನ್‌ಲೈನಿನ ಆ್ಯಕ್ಸೆಲ್ಲನ್ನು ಮುಂದೆ ಮಾಡಿದೆ. ಹೊಸದು, ಹೊಳೆಯುತ್ತದೆ, ಇಟ್ಟುಕೊಳ್ಳಿ ಎಂದೆ. ಅವರು ಅದನ್ನು ಹಿಡಿದು ಎರಡು ಸಲ ಕುಟ್ಟಿ ನೋಡಿ ಪಕ್ಕಕ್ಕಿಟ್ಟರು. "ಇದು ಬೆಂಡು, ತೂಕಾನೇ ಇಲ್ಲ" ಎಂದರು.

ಇನ್ನು ದಾರಿಯಿಲ್ಲ ಎಂದು ಇದ್ದದ್ದನ್ನೆಲ್ಲ ಹೇಳಿದೆ. ದಾರದ ಅಳತೆ, ಅನ್ನದ ಡಬ್ಬಿ, ಗಾಜಿನ ಮೇಲೆ ಉರುಳಿಸುವುದು, ನೀರು ತುಂಬಿದ ಗಣಿ. ಅತ್ತೆಗೆ ನಾನು ಇಷ್ಟು ಉದ್ದಕ್ಕೆ ಮಾತಾಡಿದ್ದು ಮದುವೆಯಾದ ಮೇಲೆ ಅದೇ ಮೊದಲು. ಅವರು ಬಾಯಿಯ ಎಲೆಯನ್ನು ಆ ದವಡೆಯಿಂದ ಈ ದವಡೆಗೆ ಹಾಕಿಕೊಂಡು ಕೇಳಿದರು. ಆಮೇಲೆ ಆ್ಯಕ್ಸೆಲ್ಲನ್ನು ಹೊರಗೆ ತೆಗೆದು, ಸೆರಗಿನಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿದರು.

"ಒಡುಟ್ಟಿದೋನು ಕಡದಿದ್ದಾ? ಅಂಗಂತ ಮೊದ್ಲೇ ಏಳಬಾರ್ದಾ? ತಮ್ಮನ ಕೈಗೆ ಕೊಡಿ ಓಗಿ." ಕೊಡುವಾಗ ಇನ್ನೊಮ್ಮೆ ತೂಗಿದರು. "ಪುಣ್ಯಾತ್ಮ, ಚೆನ್ನಾಗ್ ಕಡದವ್ನೆ."

ಬೆಂಡನ್ನು ಮಾತ್ರ ಇಟ್ಟುಕೊಂಡರು. ಈಗಲೂ ಅದರಲ್ಲೇ ಕುಟ್ಟುತ್ತಾರೆ, ಕುಟ್ಟುವಾಗಲೆಲ್ಲ ನನ್ನನ್ನು ಬೈಯುತ್ತಾರಂತೆ. ಆ್ಯಪಿನವರು ಇವತ್ತಿಗೂ ಆ ವಸ್ತು ಹೇಗಿದೆ, ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ನನ್ನನ್ನು ಕೇಳುತ್ತಲೇ ಇದ್ದಾರೆ. ಬೂದಿಕೋಟೆಗೆ ಹೋಗಿ ಕೇಳಬೇಕು.

ಮಾರನೆಯ ಬೆಳಗಿನ ರೈಲಿನಲ್ಲಿ ಉರಿಗಾಂನಲ್ಲಿ ಇಳಿದೆ. ಏಳುಮಲೈ ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ನನ್ನ ಮುಖ ನೋಡಿ ಎಂದಿನಂತೆ ಬಾಯಿ ತೆರೆದ. ಅವನು ಕೇಳುವ ಮೊದಲೇ ಅದನ್ನು ಅವನ ಅಂಗೈಯಲ್ಲಿಟ್ಟೆ.

ಅವನು ಅದನ್ನು ಮೂಗಿನ ಹತ್ತಿರ ಹಿಡಿದ. "ಏನ್ ಸಾರ್, ಎಲೆ ಅಡಿಕೆ ವಾಸ್ನೆ?" ಎಂದ. ಅತ್ತೆಯ ಕತೆ ಹೇಳಿದೆ. ನಗುತ್ತಾನೆ ಎಂದುಕೊಂಡಿದ್ದೆ. "ಅಣ್ಣಾನೂ ಎಲೆ ಆಕ್ತಿದ್ದ" ಎಂದಷ್ಟೇ ಹೇಳಿ ಸೀಮೆಎಣ್ಣೆಯ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡ.

ತೊಳೆದ, ಒರೆಸಿದ. ಗಾಜಿನ ತುಂಡನ್ನು ಸ್ಟೂಲಿನ ಮೇಲಿಟ್ಟು ಆ್ಯಕ್ಸೆಲ್ಲನ್ನು ಉರುಳಿಸಿದ. ನಾನು ಗಾಜಿನ ಹತ್ತಿರಕ್ಕೆ ಬಗ್ಗಿದೆ. ಒಂದು ತಿಂಗಳು ಕಲ್ಲೊರಳಲ್ಲಿ ಬಿದ್ದ ವಸ್ತು, ಎಲ್ಲಿ ಬಾಗಿದೆಯೋ ಏನೋ. ಅದು ಸದ್ದಿಲ್ಲದೆ ಈ ಕಡೆಯಿಂದ ಆ ಕಡೆಗೆ ಹೋಯಿತು. ಏಳುಮಲೈ ಅದನ್ನು ಇನ್ನೊಂದು ಸಲ ಉರುಳಿಸಿದ, ಮತ್ತೊಂದು ಸಲ. ಮೂರನೆಯ ಸಲಕ್ಕೆ ಕಾರಣವಿರಲಿಲ್ಲ, ನಾನೂ ಕೇಳಲಿಲ್ಲ. ಹೊಸ ಗುಂಡು ಹಾಕಿ, ಗ್ರೀಸು ಮೆತ್ತಿ, ಪಿನ್ನು ಬಡಿದು ಪೆಡಲನ್ನು ಹಿಂದಕ್ಕೆ ತಿರುಗಿಸಿ ಬಿಟ್ಟ. ಅದು ತಾನೇ ತಾನಾಗಿ ಬಹಳ ಹೊತ್ತು ಸುತ್ತಿತು.

ಆಮೇಲೆ ಕೈ ಒರೆಸಿಕೊಂಡು, ಎಂದೂ ಕೇಳದ ಒಂದು ಮಾತು ಕೇಳಿದ. "ಸಾರ್, ನಾನ್ ಒಂದ್ ರೌಂಡ್ ಓಗ್ ಬರ್ಲಾ?"

ಅಷ್ಟು ವರ್ಷದಲ್ಲಿ ಅವನು ಸೈಕಲ್ಲು ಹೊಡೆದದ್ದನ್ನು ನಾನು ನೋಡಿಯೇ ಇರಲಿಲ್ಲ ಎಂಬುದು ಆಗ ಹೊಳೆಯಿತು. ಸರಿ ಎಂದೆ. ಪಂಚೆ ಎತ್ತಿ ಕಟ್ಟಿ ಹತ್ತಿದ. ಸಾಲುಮನೆಗಳ ಮುಂದೆ ನಿಧಾನವಾಗಿ ತುಳಿಯುತ್ತಾ, ತಲೆಯನ್ನು ಸ್ವಲ್ಪ ಬಗ್ಗಿಸಿ ಕೆಳಗೆ ಕಿವಿಗೊಟ್ಟು, ತಿರುವಿನಲ್ಲಿ ಮರೆಯಾದ. ಹತ್ತು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ನನ್ನ ರೈಲು ಕೂಗಿಕೊಂಡು ಹೋಯಿತು. ನಾನು ಸ್ಟೂಲಿನಿಂದ ಎದ್ದು ಅಂಗಡಿಯೊಳಗೆ ಅವನ ಜಾಗದಲ್ಲಿ ಕೂತೆ, ಬಿಸಿಲು ಬಂದಿತ್ತು.

ಒಬ್ಬ ಹೆಂಗಸು ಲೇಡೀಸ್ ಸೈಕಲ್ಲನ್ನು ತಳ್ಳಿಕೊಂಡು ಬಂದರು. "ಒಂದ್ ಬ್ರೇಕ್ ಶೂ ಕೊಡಿ" ಎಂದರು. ಬ್ರೇಕ್ ಶೂಗಳ ಗೊಂಚಲು ನನ್ನ ತಲೆಯ ಮೇಲೇ ತೂಗುತ್ತಿತ್ತು, ಕೈ ಎತ್ತಿದರೆ ಸಿಗುತ್ತಿತ್ತು.

"ಹಳೇದು ತಂದಿದ್ದೀರಾ?" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವ್ಯಾರು? ಏಳುಮಲೈ ಎಲ್ಲಿ?"

"ಅಣ್ಣನ ಜೊತೆ ಒಂದು ರೌಂಡ್ ಹೋಗಿದ್ದಾನೆ ಅಮ್ಮಾ. ಕೂತ್ಕೊಳ್ಳಿ, ಬರ್ತಾನೆ."